ಏಳನೇ ನಂಬರಿನ ಪಾಲಿನ ರಸಬಾಳೆ

ಜನ ಸುಳ್ಳು ಹೇಳುವುದಕ್ಕೆ ಭಯ, ದುರಾಸೆ ಎಂದು ದೊಡ್ಡ ದೊಡ್ಡ ಕಾರಣಗಳಿರುತ್ತವಂತೆ. ನಾನು ಹೇಳಿದ್ದು ಇನ್ನೊಂದು ಚಮಚ ತುಪ್ಪಕ್ಕಾಗಿ, ಅದೂ ಒಂದು ಇಲಿಯ ಹೆಸರಿನಲ್ಲಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಹೊಟ್ಟೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ತಿ. ನರಸೀಪುರದವನು. ಮೂವತ್ತೆರಡು ತುಂಬಿದ ಮೇಲೆ ಮದುವೆಯಾಗಿ, ಗೌರಿ ಒಬ್ಬಳೇ ಮಗಳಾದ್ದರಿಂದ ನಂಜನಗೂಡಿನ ಮಾವನ ಮನೆಗೆ ಬಂದು ನಿಂತೆ. ಕೆಲಸ ಮೈಸೂರಿನ ಒಂದು ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವುದು. ಪಂಜರ ತೊಳೆಯಬೇಕು, ಮರದ ಪುಡಿ ಹಾಸಬೇಕು, ದಿನಾ ತೂಕ ಮಾಡಿ ಬರೆಯಬೇಕು. ಮಾವ ಬಾಳೆಹಣ್ಣಿನ ಮಂಡಿಯವರು. ಜೀವಮಾನವೆಲ್ಲ ಇಲಿಗಳ ಮೇಲೆ ಯುದ್ಧ ಮಾಡಿದವರ ಮನೆಗೆ ಇಲಿ ಸಾಕಿ ಸಂಬಳ ತರುವ ಅಳಿಯ ಬಂದರೆ ಏನಾಗಬೇಕೋ ಅದೇ ಆಯಿತು. ಹನ್ನೊಂದು ವರ್ಷ ಅವರು ನನ್ನ ಜೊತೆ ನೇರವಾಗಿ ಮಾತಾಡಲಿಲ್ಲ. ನಾನು ಎದುರಿಗೇ ಕೂತಿದ್ದರೂ, ನಿನ್ನ ಯಜಮಾನರಿಗೆ ನೀರು ಕಾದಿದೆ ಅಂತ ಹೇಳು ಎಂದು ಗೌರಿಗೆ ಹೇಳುತ್ತಿದ್ದರು. ಜಗಳವಿರಲಿಲ್ಲ, ಮನಸ್ತಾಪವಿರಲಿಲ್ಲ. ಮನೆ ನನ್ನನ್ನು ಒಗ್ಗಿಸಿಕೊಳ್ಳಲಿಲ್ಲ, ಅಷ್ಟೆ.

ಈ ನಡುವೆ ಮಾವನ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆರಡು ಸಲ ಡಯಾಲಿಸಿಸ್ ಶುರುವಾಯಿತು. ಇನ್ನು ಬಾಳೆಹಣ್ಣು ಮುಟ್ಟಕೂಡದು ಎಂದು ಡಾಕ್ಟರು ಬೇರೆ ಹೇಳಿಬಿಟ್ಟರು. ಅಷ್ಟು ದಪ್ಪದ ಸೂಜಿಗೆ ಹೆದರದ ಮನುಷ್ಯ ಆ ಮಾತಿಗೆ ಕಣ್ಣೊರೆಸಿಕೊಂಡರು. ಆದರೂ ಮಂಡಿಗೆ ಹೋಗುವುದು ಬಿಡಲಿಲ್ಲ. ರಸಬಾಳೆಯ ಗೊನೆಗಳ ನಡುವೆ ಸುಮ್ಮನೆ ಕೂತು ವಾಸನೆ ಕುಡಿದು ಬರುತ್ತಿದ್ದರು.

ಅದೇ ಹೊತ್ತಿಗೆ ನಮ್ಮ ಪ್ರಯೋಗಾಲಯದ ಮೇಡಂ ಹೊಸ ಕೆಲಸಕ್ಕೆ ಕೈಹಾಕಿದ್ದರು. ಇನ್ನೂ ಹುಟ್ಟದ ಇಲಿಮರಿಯಲ್ಲಿ ಮುಂದೆ ಕಿಡ್ನಿಯಾಗಲಿರುವ, ರಾಗಿಕಾಳಿನಷ್ಟು ಚೂರನ್ನು ತೆಗೆದು ಬೇರೆ ತಳಿಯ ದೊಡ್ಡ ಇಲಿಯ ಹೊಟ್ಟೆಯೊಳಗೆ ಇಡುವುದು. ಅದೃಷ್ಟ ನೆಟ್ಟಗಿದ್ದರೆ ಆ ಇಲಿಯ ರಕ್ತನಾಳಗಳು ಚೂರಿನೊಳಕ್ಕೆ ಹಬ್ಬಿ, ಅದು ಪುಟ್ಟ ಕಿಡ್ನಿಯಾಗಿ ಬೆಳೆಯುತ್ತದೆ. ಇಲ್ಲವಾದರೆ ಮೈ ಅದನ್ನು ಹೊರಗಿನದೆಂದು ಗುರುತು ಹಿಡಿದು ನಾಶಮಾಡುತ್ತದೆ. ಒಂದು ದಿನ ಊಟಕ್ಕೆ ಕೂತಾಗ ಏಳನೇ ನಂಬರಿನ ಇಲಿಯಲ್ಲಿ ಚೂರು ಬೆಳೆಯುತ್ತಿದೆ ಎಂದು ಗೌರಿಗೆ ಹೇಳುತ್ತಿದ್ದೆ. ಮಾವನ ಕೈಯ ತುತ್ತು ಅಲ್ಲೇ ನಿಂತಿತು. "ಆಮ್ಯಾಕೆ ಏನಾಯ್ತು?" ಎಂದರು. ಕೇಳಿದ್ದು ನನ್ನನ್ನೇ. ತುಪ್ಪದ ಬಟ್ಟಲು ತಾನಾಗಿ ನನ್ನ ಕಡೆ ಸರಿಯಿತು.

ಅವತ್ತಿನಿಂದ ಸಂಜೆ ನಾನು ಬರುವುದನ್ನೇ ಕಾಯುತ್ತಾ ಜಗಲಿಯ ಮೇಲೆ ಕೂತಿರುತ್ತಿದ್ದರು. "ಎಂಗದೆ ಏಳು?" ಎನ್ನುವರು. ನಾನು ಪಕ್ಕದಲ್ಲಿ ಕೂತು, ನಾನೇ ಕೈಯಾರೆ ಆಪರೇಷನ್ ಮಾಡಿದವನ ಹಾಗೆ ವಿವರಿಸುವೆ. ಬೆಳಿಗ್ಗೆ ನಾನು ಹೊರಡುವಾಗ ನಂಜುಂಡೇಶ್ವರನ ಪಟದ ಮುಂದಿಟ್ಟ ಎರಡು ರಸಬಾಳೆಯನ್ನು ವಿಭೂತಿ ಸಮೇತ ನನ್ನ ಕೈಗಿಟ್ಟು, ನಾನಂತೂ ತಿನ್ನುವಂತಿಲ್ಲ, ಏಳಾದರೂ ತಿನ್ನಲಿ ಎನ್ನುವರು. ನಮ್ಮ ಇಲಿಗಳಿಗೆ ಚೀಲದಲ್ಲಿ ಬರುವ ಒಣ ಆಹಾರ ಬಿಟ್ಟು ಬೇರೇನೂ ಹಾಕುವಂತಿಲ್ಲ. ಹಾಕಿದರೆ ಪ್ರಯೋಗವೂ ಹೋಯಿತು, ನನ್ನ ಕೆಲಸವೂ ಹೋಯಿತು. ಹಾಗೆಂದು ದೇವರ ಮುಂದಿಟ್ಟ ಹಣ್ಣನ್ನು ಎಸೆಯಲು ಕೈ ಬರಬೇಕಲ್ಲ! ಬಸ್ಸಿನಲ್ಲಿ ನಾನೇ ತಿಂದೆ. ಸಂಜೆ ಅವರು ಕೇಳಿದರೆ ಎರಡನ್ನೂ ತಿಂದಿತು ಮಾವ ಎಂದೆ. ತಿಂಗಳೊಂದು ಹೀಗೇ ಕಳೆಯಿತು. ಏಳನೇ ನಂಬರಿನ ತೂಕ ಇದ್ದಷ್ಟೇ ಇತ್ತು, ನನ್ನ ಪ್ಯಾಂಟಿನ ಹುಕ್ಕು ಕಿತ್ತುಬಂತು.

ಆಮೇಲೊಂದು ದಿನ ಮೇಡಂ ಸ್ಕ್ಯಾನ್ ನೋಡಿ, ಏಳು ರಿಜೆಕ್ಟ್ ಮಾಡಿದೆ, ಚೂರು ಕರಗುತ್ತಿದೆ ಎಂದರು. ಸಂಜೆ ಜಗಲಿಯ ಮೇಲೆ ಅದೇ ಪ್ರಶ್ನೆ ಕಾದಿತ್ತು. ಚೆನ್ನಾಗಿದೆ ಅಂದುಬಿಟ್ಟೆ. ಮಾರನೆಯ ದಿನ ಡಯಾಲಿಸಿಸ್ ಇತ್ತು. ಇಲಿಗೇ ಬೆಳೆಯುತ್ತಿರುವಾಗ ನನಗೇಕೆ ಈ ಸೂಜಿ ಎಂದು ಮಾವ ಆಟೋ ಹತ್ತಲಿಲ್ಲ. ಅದರ ಮರುದಿನ ಬೆಳಿಗ್ಗೆಗೆ ಅವರ ಮುಖ, ಪಾದ ಎರಡೂ ಊದಿಕೊಂಡಿದ್ದವು. ಜಗಲಿಯಿಂದ ಬಾಗಿಲಿಗೆ ಬರುವಷ್ಟರಲ್ಲಿ ಏದುಸಿರು. ತುಪ್ಪದ ಆಸೆಗೆ ಒಬ್ಬ ಮನುಷ್ಯನ ಪ್ರಾಣಕ್ಕೇ ಸಂಚಕಾರ ತಂದಿದ್ದೆ.

ಅವರ ಕಾಲ ಬಳಿ ಕೂತು ಎಲ್ಲ ಒಪ್ಪಿಸಿದೆ. ಏಳನೆಯದು ಕೆಟ್ಟಿತು, ನಾನು ಬರೀ ಪಂಜರ ತೊಳೆಯುವವನು, ಇದು ಮನುಷ್ಯರಿಗೆ ಬರುವುದು ಯಾವಾಗಲೋ ಮೇಡಂಗೂ ತಿಳಿಯದು, ಹಣ್ಣು ತಿಂದದ್ದೂ ನಾನೇ ಎಂದೆ. ಮಾವ ಉಸಿರು ಕೂಡಿಸಿಕೊಂಡರು.

"ಅಣ್ಣಿನ್ ಇಸ್ಯ ಗೊತ್ತಿತ್ತು ಕಣ್ರೀ. ಇಲಿ ಅಣ್ಣು ತಿಂದು ಸಿಪ್ಪೆ ಮಡಚಿ ನಿಮ್ಮ ಊಟದ ಡಬ್ಬಿಗೆ ಆಕದಾ?"

ಮತ್ತೆ ದಿನಾ ಯಾಕೆ ಕೊಟ್ಟಿರಿ ಎಂದು ಕೇಳಿದೆ.

"ಸಂಜೆ ಬಂದು ಪಕ್ಕದಲ್ಲಿ ಕೂತ್ಕತಿದ್ರಲ್ಲ," ಎಂದು ಚಪ್ಪಲಿಗೆ ಕಾಲು ತಡಕಿದರು. "ಓಗಿ, ಆಟೋ ಕರೀರಿ."

ಆಟೋ ಕರೆಯಲು ಹೋದವನಿಗೆ ರಸ್ತೆ ಮಂಜುಮಂಜಾಗಿ ಕಂಡಿತು.

ಈಗ ಮಾವ ಒಂದು ಸರದಿಯನ್ನೂ ತಪ್ಪಿಸುವುದಿಲ್ಲ. ಮೇಡಂ ಇನ್ನೂ ಎಳೆಯ ಚೂರನ್ನು ಇಟ್ಟು, ಮೈ ಅದನ್ನು ತಳ್ಳದಿರಲೆಂದು ಕೆಲವು ದಿನ ಔಷಧಿಯನ್ನೂ ಕೊಟ್ಟು ಮತ್ತೆ ಪ್ರಯತ್ನಿಸಿದರು. ಹದಿನಾಲ್ಕನೇ ನಂಬರಿನಲ್ಲಿ ಅದು ನಿಜವಾಗಿಯೂ ಬೆಳೆಯುತ್ತಿದೆ. ಈ ಸಲ ಇದ್ದದ್ದನ್ನು ಇದ್ದಹಾಗೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಮಾವನಿಗೆ ಹೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಎಳೇದಾದ್ರೆ ಬೇಗ ಒಗ್ಗುತ್ತೆ ಅನ್ನಿ. ನೀವು ಬಲ್ತು ಬಂದ್ರಿ ಅಳಿಯಂದ್ರೇ, ಅದ್ಕೇ ಅನ್ನೊಂದು ವರ್ಸ ಇಡೀತು."

ರಸಬಾಳೆ ಮಾತ್ರ ನಿಂತಿಲ್ಲ. ದಿನಾ ಸಂಜೆ ಜಗಲಿಯ ಮೇಲೆ ತಾವೇ ಸಿಪ್ಪೆ ಸುಲಿದು ನನ್ನ ಕೈಗೆ ಕೊಡುತ್ತಾರೆ, ಕೊನೆಯ ತುತ್ತಿನವರೆಗೆ ನನ್ನ ಬಾಯನ್ನೇ ನೋಡುತ್ತಾರೆ, "ಎಂಗದೆ?" ಎಂದು ಕೇಳುತ್ತಾರೆ. ಭಾನುವಾರ ಮಂಡಿಗೆ ಕರೆದುಕೊಂಡು ಹೋಗಿ, ಗೊನೆ ತೂಗುವ ತಕ್ಕಡಿಯ ಮೇಲೆ ನನ್ನನ್ನು ನಿಲ್ಲಿಸುತ್ತಾರೆ. ತೂಕ ಏರಿದ್ದರೆ ಅವರ ಮುಖ ಅರಳುತ್ತದೆ. ನಾನು ಇಲಿಗಳಿಗೆ ಮಾಡುವ ಹಾಗೆಯೇ ಗೌರಿ ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾಳೆ.