ಹುಳುಮನೆಯಲ್ಲೊಂದು ಆರ್ಗನ್ನು

ಇವತ್ತಾದರೂ ನೆಮ್ಮದಿಯಾಗಿ ಒಂದು ಹಾಡು ರೆಕಾರ್ಡ್ ಮಾಡೋಣ ಅಂತ ನಾನು ಬಾಗಿಲು ಹಾಕಿಕೊಂಡ ದಿನವೇ ನಮ್ಮ ಬೀದಿಯಲ್ಲಿ ಏನಾದರೊಂದು ನಡೆಯುತ್ತದೆ. ಏನೂ ನಡೆಯದಿದ್ದರೆ ಯಾರಾದರೂ ಬಂದು ಬಾಗಿಲು ತಟ್ಟಿ, "ಏನಮ್ಮಾ, ಒಳಗಿಂದ ಸದ್ದೇ ಇಲ್ಲ, ಹುಷಾರಾಗಿದೀಯಾ?" ಅಂತ ಕೇಳಿ ನಡೆಸುತ್ತಾರೆ.

ಮದುವೆಗೆ ಮುಂಚೆ ನಾನು ಆರ್ಕೆಸ್ಟ್ರಾದಲ್ಲಿ ಆರ್ಗನ್ ನುಡಿಸುತ್ತಿದ್ದವಳು. ಈಗ ಶಿಡ್ಲಘಟ್ಟದ ನಮ್ಮ ಮನೆಯ ಹಿಂದೆ, ಒಂದು ಕಾಲಕ್ಕೆ ನಮ್ಮತ್ತೆ ರೇಷ್ಮೆಹುಳು ಸಾಕುತ್ತಿದ್ದ ಕೋಣೆಯಲ್ಲಿ ಸಣ್ಣದೊಂದು ಸ್ಟುಡಿಯೋ ಮಾಡಿಕೊಂಡಿದ್ದೇನೆ. ಭಜನೆ, ಶಾಲೆಯ ನಾಡಗೀತೆ, ಮದುವೆ ವಿಡಿಯೋಗೆ ಸಂಗೀತ, ಏನು ಬಂದರೂ ಮಾಡುತ್ತೇನೆ. ಊರಿನವರು ಮಾತ್ರ ಅದನ್ನು ಇವತ್ತಿಗೂ ಹುಳುಮನೆ ಅಂತಲೇ ಕರೆಯುತ್ತಾರೆ.

ಬೀರು ಬಂತು

ಗೌರಿಬಿದನೂರಿನಲ್ಲಿ ನಮ್ಮ ಹಳೇ ಆರ್ಕೆಸ್ಟ್ರಾದ ಮೇಷ್ಟ್ರಿದ್ದಾರೆ. ವಯಸ್ಸಾಯಿತು ಅಂತ ತಂಡ ನಿಲ್ಲಿಸಿದಾಗ ನನ್ನನ್ನು ಕರೆದು, "ಈ ಆರ್ಗನ್ನು, ಸ್ಪೀಕರ್ರು ಎರಡೂ ನೀನೇ ತಗೊಂಡ್ಹೋಗಮ್ಮ. ನುಡಿಸೋರ ಮನೇಲೇ ಇರ್ಲಿ" ಅಂದರು. ಆ ಸ್ಪೀಕರ್ ಅಂದರೆ ಎದೆಯುದ್ದದ ಮರದ ಪೆಟ್ಟಿಗೆ. ಒಳಗೆ ಒಂದು ಕಹಳೆ ಮೋಟಾರಿನಿಂದ ಗಿರಗಿರ ತಿರುಗುತ್ತದೆ. ಅದು ತಿರುಗಿದಂತೆ ಆರ್ಗನ್ನಿನ ನಾದ ಅಲೆ ಅಲೆಯಾಗಿ ಕೋಣೆಯನ್ನೆಲ್ಲ ಸುತ್ತುತ್ತದೆ. ನಿಧಾನಕ್ಕೆ ತಿರುಗಿಸಬಹುದು, ಜೋರಾಗಿಯೂ ತಿರುಗಿಸಬಹುದು.

ಗೂಡ್ಸ್ ಆಟೋದಿಂದ ಅದನ್ನು ಇಳಿಸುವಾಗ ಅರ್ಧ ಬೀದಿ ಸೇರಿತ್ತು. ಒಬ್ಬರು ಬೀರು ಅಂದರು, ಇನ್ನೊಬ್ಬರು ಹಳೇ ಕಾಲದ ಟಿವಿ ಅಂದರು. ಸ್ಪೀಕರ್ ಅಂತ ನಾನು ಹೇಳಿದ್ದನ್ನು ಯಾರೂ ನಂಬಲಿಲ್ಲ. ನಮ್ಮತ್ತೆ ಹಿಂದಿನ ಹಲಗೆ ತೆಗೆಸಿ, "ಎಲ್ಲಿ, ಸ್ವಿಚ್ ಹಾಕು" ಅಂದರು. ಹಾಕಿದೆ. ಕಹಳೆ ತಿರುಗುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದರು, ಬಗ್ಗಿ ಕೆಳಗಿನ ಮೋಟಾರನ್ನೂ ನೋಡಿದರು. ಆಮೇಲೆ ಹೊರಗೆ ಹೋಗಿ ಬೀದಿಯ ಹೆಂಗಸರಿಗೆಲ್ಲ ತೀರ್ಪು ಕೊಟ್ಟರು:

"ಗ್ರೈಂಡರ್ರು ಕಣ್ರಮ್ಮ. ಕಲ್ಲು ಇನ್ನೂ ಹಾಕ್ಸಿಲ್ಲ."

ಮೈಕಿಗೆ ಶೀತ

ತಿರುಗುವ ಸ್ಪೀಕರನ್ನು ರೆಕಾರ್ಡ್ ಮಾಡಲು ಅದರ ಎಡಕ್ಕೊಂದು, ಬಲಕ್ಕೊಂದು ಮೈಕ್ ಇಡಬೇಕು. ಇಟ್ಟೆ. ನುಡಿಸಿದೆ. ಕೇಳಿ ನೋಡಿದರೆ ಸಂಗೀತದ ನಡುನಡುವೆ 'ಬುಸ್ ಬುಸ್' ಅಂತ ಹಾವು ಆಡಿದ ಹಾಗೆ! ಕಹಳೆ ತಿರುಗುವಾಗ ಎಬ್ಬಿಸುವ ಗಾಳಿ ನೇರವಾಗಿ ಮೈಕಿಗೆ ಹೊಡೆಯುತ್ತಿತ್ತು. ಸ್ಪಂಜು ಕಟ್ಟಿದೆ, ಕರ್ಚೀಫು ಸುತ್ತಿದೆ, ಸೀರೆ ಸೆರಗನ್ನೂ ಹಿಡಿದು ನೋಡಿದೆ. ಹಾವು ಹೋಗಲಿಲ್ಲ.

ನಮ್ಮ ಯಜಮಾನರು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಲೆಕ್ಚರರ್. ನಂದಿಬೆಟ್ಟದ ಕಡೆಯಿಂದ ಬರುವ ಚಳಿಗಾಳಿಗೆ ಹೆದರಿ, ಬೆಳಗಿನ ಬಸ್ಸಿಗೆ ಹೊರಡುವಾಗ ಉಣ್ಣೆಯ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತಾರೆ. ಅವರ ಹತ್ತಿರ ಇದ್ದದ್ದೇ ಎರಡು. ನನ್ನ ಹತ್ತಿರವೂ ಮೈಕು ಇದ್ದದ್ದು ಎರಡೇ. ದೇವರು ಲೆಕ್ಕ ಹಾಕಿಯೇ ಕೊಟ್ಟಿದ್ದ. ಎರಡಕ್ಕೂ ಟೋಪಿ ಹಾಕಿ ನುಡಿಸಿದೆ. ಹಾವು ಮಾಯ! ನಾದ ಬೆಣ್ಣೆಯಂತೆ ಬಂತು. ನಾನು ಒಬ್ಬಳೇ ಕೋಣೆಯಲ್ಲಿ ಕುಣಿದೆ.

ಆ ವಾರದ ಕೊನೆಯಲ್ಲಿ ಜಂಗಮಕೋಟೆಯಿಂದ ಭಜನೆ ತಂಡ ರೆಕಾರ್ಡಿಂಗಿಗೆ ಬಂತು. ತಂಡದ ಹಿರಿಯರು ಒಳಗೆ ಕಾಲಿಟ್ಟವರೇ ಟೋಪಿ ಹಾಕಿಕೊಂಡು ನಿಂತ ಮೈಕುಗಳನ್ನು ನೋಡಿ, "ಏನಮ್ಮಾ, ಇವಕ್ಕೂ ಶೀತ ಆಗ್ತದಾ?" ಅಂದರು.

ಬಾಗಿಲಲ್ಲಿ ನಿಂತಿದ್ದ ನಮ್ಮ ಯಜಮಾನರು ಜೋರಾಗಿ ಒಂದು ಸೀನು ಸೀನಿ, ಮೂಗು ಒರೆಸಿಕೊಂಡು ಹೇಳಿದರು:

"ಅವಕ್ಕೆ ಆಗ್ಬಾರ್ದು ಅಂತ ನನಗೆ ಆಗಿದೆ ಸ್ವಾಮಿ."

ಪಕ್ಕದ ಮನೆ ಮೋಟ್ರು

ಅದೇ ಭಜನೆಯ ಕೊನೆಯ ಸಾಲಿನಲ್ಲಿ ಆರ್ಗನ್ನಿನ ಅಲೆ ಮೆಲ್ಲಗೆ ನಿಧಾನವಾಗಿ ನಿಲ್ಲಬೇಕಿತ್ತು. ಆದರೆ ಸ್ಪೀಕರಿನ ಹಳೇ ಸ್ವಿಚ್ ಒತ್ತಿದಾಗಲೆಲ್ಲ 'ಟಕ್' ಅನ್ನುವುದು, ಅದೂ ಮೈಕಿಗೆ ಬೀಳುವುದು. ದೇವರ ಪಾದಕ್ಕೆ ಶರಣಾಗುವ ಹೊತ್ತಿಗೆ ಸರಿಯಾಗಿ ಟಕ್! ಹಾಡಿ ಹಾಡಿ ತಂಡದವರ ಗಂಟಲು ಒಣಗಿತು.

ಮತ್ತೊಮ್ಮೆ ಶುರು ಮಾಡಿದೆವು. ಕೊನೆಯ ಸಾಲು ಬರುವಾಗ ಪಕ್ಕದ ಮನೆಯವರು ಬೋರ್‌ವೆಲ್ ಮೋಟ್ರು ಹಾಕಿದರು. ವೋಲ್ಟೇಜ್ ಬಿತ್ತು, ಲೈಟು ಮಂಕಾಯಿತು. ಆರ್ಗನ್ನಿಗೆ ಸ್ಟೆಬಿಲೈಜರ್ ಇತ್ತು, ಅದಕ್ಕೇನೂ ಆಗಲಿಲ್ಲ. ಸ್ಪೀಕರಿನ ಮೋಟಾರಿಗೆ ಇರಲಿಲ್ಲ. ಕಹಳೆ ಸುಸ್ತಾದವರ ಹಾಗೆ ಮೆಲ್ಲ... ಮೆಲ್ಲಗೆ... ನಿಧಾನವಾಯಿತು. ಟಕ್ ಇಲ್ಲ, ಏನಿಲ್ಲ. ಹಿರಿಯರು ಕಣ್ಣೊರೆಸಿಕೊಂಡು, "ಏನ್ ಕೈಗುಣ ತಾಯಿ ನಿಂದು!" ಅಂದರು.

"ಕೈಗುಣ ನಂದಲ್ಲ, ಪಕ್ಕದ್ಮನೆ ಅಣ್ಣಂದು" ಅಂದೆ. ಮುಂದಿನ ಹಾಡಿಗೂ ಅದೇ ಬೇಕು ಅಂತ ಎಲ್ಲರೂ ಹಟ ಹಿಡಿದರು. ಕಾಂಪೌಂಡಿನ ಹತ್ತಿರ ಹೋಗಿ, "ಅಣ್ಣಾ, ನಾನು ಕಿಟಕಿಯಿಂದ ಕೈ ಎತ್ತಿದ ತಕ್ಷಣ ಮೋಟ್ರು ಹಾಕ್ತೀರಾ?" ಅಂತ ಕೇಳಿಕೊಂಡೆ. ಅವರು ಅಂಗಿ ಬದಲಾಯಿಸಿ, ತಲೆ ಬಾಚಿಕೊಂಡು ಬಂದು ಸ್ವಿಚ್ಚಿನ ಮುಂದೆ ನಿಂತರು. ಕೈ ಎತ್ತಿದೆ, ಹಾಕಿದರು. ಮತ್ತೆ ಅದೇ ಸೊಗಸು! ಅಷ್ಟರಲ್ಲಿ ಅವರ ಟ್ಯಾಂಕು ತುಂಬಿ ಬೀದಿಗೆ ಹರಿಯತೊಡಗಿತು. ಅವರ ಹೆಂಡತಿ ಒಳಗಿಂದ ಓಡಿಬಂದು, "ಆಫ್ ಮಾಡ್ರೀ, ನೀರೆಲ್ಲ ಮೋರಿ ಪಾಲಾಗ್ತೈತೆ!" ಅಂತ ಪಿಸುದನಿಯಲ್ಲೇ ಬೈದರು. ಅಣ್ಣ ತುಟಿಯ ಮೇಲೆ ಬೆರಳಿಟ್ಟು, "ಶ್! ನಾನೀಗ ನುಡಿಸ್ತಾ ಇದೀನಿ" ಅಂದರು.

ಗಾಯಕಿ ಯಾರು?

ಒಂದು ದಿನ ಬೆಳಗ್ಗೆ ಬೆಂಗಳೂರಿನ ಒಬ್ಬ ಸಂಗೀತ ನಿರ್ದೇಶಕರ ಸಹಾಯಕ ಫೋನ್ ಮಾಡಿದ. ಸಿನಿಮಾ ಹಾಡಿನ ಆರಂಭಕ್ಕೆ ತಿರುಗುವ ಸ್ಪೀಕರಿನ ಆರ್ಗನ್ ಬೇಕಂತೆ, ಮಧ್ಯಾಹ್ನದೊಳಗೆ ಬೇಕಂತೆ. "ಕಂಪ್ಯೂಟರ್‌ನಲ್ಲೇ ಎಲ್ಲಾ ಸಿಗತ್ತೆ ಮೇಡಂ, ಆದ್ರೆ ಸರ್‌ಗೆ ಅಸಲೀದೇ ಬೇಕಂತೆ. ಶಿಡ್ಲಘಟ್ಟದಲ್ಲೆಲ್ಲಾ ಅದು ಆಗತ್ತಾ?" ಅಂದ.

ಆ 'ಆಗತ್ತಾ' ನನ್ನನ್ನು ಚುಚ್ಚಿತು. "ಆಗತ್ತಪ್ಪಾ" ಅಂದೆ.

ಮಧ್ಯಾಹ್ನ ಕರೆಂಟು ತೆಗೆಯುತ್ತೇವೆ ಅಂತ ಕರೆಂಟ್ ಆಫೀಸಿನವರು ಮೊದಲೇ ಹೇಳಿದ್ದರು. ಕಿಟಕಿ ಬಾಗಿಲೆಲ್ಲ ಮುಚ್ಚಿ ಕೂತೆ. ತಪ್ಪಿತು, ಮತ್ತೆ ನುಡಿಸಿದೆ. ಮತ್ತೆ ತಪ್ಪಿತು. ಕೊನೆಗೆ ಒಂದು ಸಲ ಬೆರಳು ತಾವಾಗಿಯೇ ಓಡಿದವು. ಅಷ್ಟು ಚೆನ್ನಾಗಿ ನಾನು ಜನ್ಮದಲ್ಲಿ ನುಡಿಸಿರಲಿಲ್ಲ. ನಾದ ಏರಿ ಏರಿ ಕೊನೆಯ ಸ್ವರದಲ್ಲಿ ನಿಂತಿತು. ಆ ಸ್ವರ ಇನ್ನೂ ಸುತ್ತುತ್ತಿದ್ದಾಗಲೇ ಗೋಡೆಯಾಚೆಯಿಂದ ಬಂತು:

"ಸೊಪ್ಪೋ... ದಂಟೂ... ಮೆಂತ್ಯಾ... ಸಬ್ಬಕ್ಕೀ...!"

ಕರೆಂಟು ಹೋಯಿತು.

ಇನ್ನೊಮ್ಮೆ ನುಡಿಸುವ ಹಾಗಿಲ್ಲ. ಅಳು ಬಂತು. ಲ್ಯಾಪ್‌ಟಾಪಿನಲ್ಲಿ ಇದ್ದದ್ದನ್ನೇ ಕಳಿಸಿ, 'ಕೊನೆಯಲ್ಲಿ ಸೊಪ್ಪಿನವರ ಕೂಗು ಬಿದ್ದಿದೆ, ದಯವಿಟ್ಟು ಕತ್ತರಿಸಿಕೊಳ್ಳಿ' ಅಂತ ಬರೆದೆ. ಸಂಜೆ ಫೋನ್ ಬಂತು. ಈ ಸಲ ನಿರ್ದೇಶಕರೇ.

"ಇಂಥಾ ಆರ್ಗನ್ ಕೇಳಿ ಎಷ್ಟು ಕಾಲ ಆಯ್ತಮ್ಮ! ನನಗೆ ಬೇಕಿದ್ದಿದ್ದು ಇದೇ" ಅಂದರು. "ಕೊನೇಲಿ ಬರ್ತದಲ್ಲ ಆ ದನಿ, ಆಹಾ, ಶ್ರುತಿಗೆ ಹೇಗೆ ಕೂತಿದೆ! ಕತ್ತರಿಸೋ ಮಾತೇ ಇಲ್ಲ. ಅವರ ಒಪ್ಪಿಗೆ ಕೇಳಿ, ಗಾಯಕಿ ಅಂತಲೇ ಹೆಸರು ಹಾಕ್ತೀವಿ."

ಆ ರಾತ್ರಿ ನಮ್ಮ ಮನೆಯಲ್ಲಿ ಒಬ್ಬಟ್ಟು. ಮಾರನೆಯ ದಿನ ಸೊಪ್ಪಿನಮ್ಮ ಬರುವುದನ್ನೇ ಕಾದು, ಬುಟ್ಟಿ ಇಳಿಸಿ ಹುಳುಮನೆಗೆ ಕರೆತಂದೆ. ಚಿಂತಾಮಣಿ ಕಡೆಯವರು, ಮಾತಿಗೆ ಮುಂಚೆ ತೆಲುಗು ಬರುತ್ತದೆ. ವಿಷಯ ಕೇಳಿ, "ಅಯ್ಯೋ ದೇವುಡಾ, ನಂದಾ?" ಅಂತ ಕೆನ್ನೆ ಬಡಿದುಕೊಂಡರು. ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಬಾಗಿಲಲ್ಲಿ ಇಡೀ ಬೀದಿ ಉಸಿರು ಬಿಗಿಹಿಡಿದು ನಿಂತಿತ್ತು.

ಕಣ್ಣು ಮುಚ್ಚಿ ಕೇಳಿದರು. ತಮ್ಮ ದನಿ ಬಂದಾಗ ಮುಖ ಅರಳಿತು. "ಇನ್ನೊಂದ್ಸಲ ಹಾಕಮ್ಮ" ಅಂದರು. ಹಾಕಿದೆ. ಆಮೇಲೆ ಹೆಡ್‌ಫೋನ್ ತೆಗೆದು, ಸೆರಗು ಸರಿಮಾಡಿಕೊಂಡು, ದೊಡ್ಡ ವಿದ್ವಾಂಸರ ಗತ್ತಿನಲ್ಲಿ ಹೇಳಿದರು:

"ನಾ ಗೊಂತು ಬಾಗುಂದಮ್ಮಾ, ದನಿ ಚೆನ್ನಾಗ್ ಬಂದೈತೆ. ಒಪ್ಪಿಗೆ ಐತೆ ಅಂತ ಹೇಳು. ಆದ್ರೆ ನಾನು ಬರೋಕ್ ಮುಂಚೆ ಏನೋ ಗುಂಯ್‌ಗುಂಯ್ ಅಂತ ಉದ್ದಕ್ಕೂ ಬಡ್ಕೊಂತೈತಲ್ಲ, ಅದನ್ನ ಮಾತ್ರ ತೆಗೆಸ್ಬಿಡು!"