ತಲೆಗೆ ನೀರು, ಬಾಲಕ್ಕೆ ಎಣ್ಣೆ

ಲ್ಯಾಬಿನಲ್ಲಿ ನನ್ನದು ಒಂದೇ ನಿಯಮ: ಕಂಡದ್ದನ್ನು ಬರೆಯಬೇಕು, ಕಾಣದ್ದನ್ನು ಬರೆಯಬಾರದು. ಮದ್ದೂರು, ಮಳವಳ್ಳಿ, ಮಂಡ್ಯ, ವರ್ಗವಾದ ಕಡೆಯಲ್ಲೆಲ್ಲ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಮೊದಲ ದಿನವೇ ಇದನ್ನು ಬೋರ್ಡಿನ ಮೇಲೆ ಬರೆದಿದ್ದೇನೆ. ಎಲ್ಲರೂ ಅಂದವಾಗಿ ಕಾಪಿ ಮಾಡಿಕೊಳ್ಳುತ್ತಾರೆ, ಮರುದಿನವೇ ಮುರಿಯುತ್ತಾರೆ. ಪಾಲಿಸಿದ ಒಬ್ಬಳು ಫೇಲಾಗುವುದರಲ್ಲಿದ್ದಳು, ಆ ಕಥೆ ಕೊನೆಗೆ.

ಅಲ್ಲಾಡಿದ ಬಾಲ

ಕೋಶಪೊರೆ ಎಂದರೆ ಲಿಪಿಡ್ ಎಂಬ ಕೊಬ್ಬಿನ ಅಣುಗಳ ಎರಡು ಸಾಲು. ಪ್ರತಿ ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರು ಕಂಡರಾಗದು. ಅದಕ್ಕೇ ಬಾಲಗಳು ಒಳಗೆ ಮುಖ ಮಾಡಿ ಅಡಗಿರುತ್ತವೆ.

ಮದ್ದೂರಿನಲ್ಲಿ ಇಷ್ಟು ಪಾಠ ಮಾಡಿ, ಈರುಳ್ಳಿ ಪೊರೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಚಿತ್ರ ಬರೆಯಿರಿ ಎಂದೆ. ಇಡೀ ಕ್ಲಾಸು ತಲೆ, ಬಾಲ ಸಮೇತ ಬರೆದಿತ್ತು. ನಮ್ಮ ಮೈಕ್ರೋಸ್ಕೋಪಿನಲ್ಲಿ ಅವು ಏಳು ಜನ್ಮಕ್ಕೂ ಕಾಣುವುದಿಲ್ಲ.

"ಬಾಲ ಎಲ್ಲಯ್ಯಾ ಕಂಡಿತು?" ಎಂದು ಒಬ್ಬನನ್ನು ಹಿಡಿದೆ.

"ಚೆನ್ನಾಗ್ ಕಾಣ್ತು ಸಾ. ಅಲ್ಲಾಡ್ತಾನೂ ಇತ್ತು."

ನಾನೇ ಬಗ್ಗಿ ನೋಡಿದೆ. ಮೈಕ್ರೋಸ್ಕೋಪಿಗೆ ಅವನಿನ್ನೂ ಸ್ಲೈಡನ್ನೇ ಇಟ್ಟಿರಲಿಲ್ಲ.

ಬೀಟ್ರೂಟಿನ ತಪ್ಪು

ಮಳವಳ್ಳಿಯಲ್ಲಿ ಬೀಟ್ರೂಟಿನ ಪ್ರಯೋಗ. ತಣ್ಣೀರಿಗೆ ಹಾಕಿದ ಹೋಳು ಬಣ್ಣ ಬಿಡುವುದಿಲ್ಲ, ಪೊರೆ ಗಟ್ಟಿಯಾಗಿ ಹಿಡಿದಿರುತ್ತದೆ. ಬಿಸಿನೀರಿಗೆ ಹಾಕಿದರೆ ಪೊರೆ ಕೆಟ್ಟು ಬಣ್ಣ ಸೋರುತ್ತದೆ. ಅಂದು ಬೀಟ್ರೂಟು ತಂದವರು ನನ್ನ ಸಹೋದ್ಯೋಗಿ ಲೆಕ್ಚರರು. ನಾನು ಹೋಗುವ ಹೊತ್ತಿಗೆ ತಣ್ಣೀರಿನ ಗಾಜಿನ ಕೊಳವೆಗಳೂ ರಕ್ತದ ಹಾಗೆ ಕೆಂಪಾಗಿದ್ದವು. ಮಕ್ಕಳೆಲ್ಲ ಅವನ್ನೇ ಎದುರಿಗಿಟ್ಟುಕೊಂಡು "ತಣ್ಣೀರು: ಬಣ್ಣವಿಲ್ಲ" ಎಂದು ಬರೆದಿದ್ದರು. ಸಹೋದ್ಯೋಗಿ ಎಲ್ಲದಕ್ಕೂ ರೈಟು ಹಾಕಿದ್ದರು.

"ಏನ್ರೀ ಇದು?"

"ಮನೇಲಿ ಪಲ್ಯಕ್ಕೆ ಬೇಯ್ಸಿದ್ರು ಸಾರ್. ಉಳಿದಿದ್ದು ತಂದೆ."

"ಮತ್ತೆ ರೈಟು ಯಾಕೆ ಹಾಕಿದ್ರಿ?"

"ಪುಸ್ತಕದಲ್ಲಿ ಹಂಗೇ ಐತಲ್ಲ ಸಾರ್. ಬೀಟ್ರೂಟು ತಪ್ಪು ಮಾಡಿದ್ರೆ ಮಕ್ಕಳೇನು ಮಾಡ್ತವೆ?"

ಶನಿವಾರದ ಮೊಟ್ಟೆ

ಮಂಡ್ಯದಲ್ಲಿ ಫೈನಲ್ ಪ್ರಾಕ್ಟಿಕಲ್. ಹೊರಗಿನಿಂದ ಬಂದ ಪರೀಕ್ಷಕರ ಹಣೆಯಲ್ಲಿ ಚಂದನ. ಬಂದವರೇ, "ಬೇಗ ಮುಗಿಸೋಣ, ನಾನು ಮುತ್ತತ್ತಿಗೆ ಹೋಗ್ಬೇಕು. ಶನಿವಾರ ಆಂಜನೇಯನ ದರ್ಶನ ತಪ್ಪಿಸಲ್ಲ" ಎಂದರು.

ಎಣ್ಣೆ ಮತ್ತು ನೀರಿಗೆ ಮೊಟ್ಟೆಯ ಹಳದಿ ಹಾಕಿ ಕುಲುಕಬೇಕು. ಕೋಶಪೊರೆಯಲ್ಲಿರುವಂಥದೇ ಲಿಪಿಡ್ ಹಳದಿಯಲ್ಲೂ ಇದ್ದು, ತಲೆಯನ್ನು ನೀರಿಗೂ ಬಾಲವನ್ನು ಎಣ್ಣೆಗೂ ಚಾಚಿ ಎರಡನ್ನೂ ಬೆರೆಸಿಬಿಡುತ್ತದೆ. ಎಲ್ಲರೂ "ಬೆರೆಯಿತು" ಎಂದೇ ಬರೆದರು. ಕೆರಗೋಡಿನ ಒಬ್ಬ ಹುಡುಗಿ ಮಾತ್ರ ಬರೆದಳು: "ಬೆರೆಯಲಿಲ್ಲ. ಎಣ್ಣೆ ಮೇಲೆ, ನೀರು ಕೆಳಗೆ. ಅರಿಸಿನದ ವಾಸನೆ."

ಪರೀಕ್ಷಕರು ಹುಬ್ಬು ಗಂಟಿಕ್ಕಿದರು. "ತಿದ್ದು ಕಣಮ್ಮ. ಇಲ್ದಿದ್ರೆ ಫೇಲ್ ಮಾಡ್ಬೇಕಾಗುತ್ತೆ."

ನಾನು ಅಟೆಂಡರನ್ನು ಮೂಲೆಗೆ ಕರೆದೆ. ಅವನು ಪಿಸುಗುಟ್ಟಿದ: "ಶನಿವಾರ ನಾನು ಮೊಟ್ಟೆ ಮುಟ್ಟಕಿಲ್ಲ ಸಾ. ಅರಿಸ್ನದ ನೀರು ಮಡಗ್ದೆ. ಬಣ್ಣ ಒಂದೇ ಅಲ್ವಾ?"

ಇದನ್ನು ಹೇಳಲು ನಾನು ವಾಪಸ್ಸು ಬರುವಷ್ಟರಲ್ಲಿ ಪರೀಕ್ಷಕರು ಅವಳ ಕೊಳವೆಯ ಬಾಯಿಗೆ ಬೆರಳು ಅಡ್ಡ ಹಿಡಿದು ತಾವೇ ಕುಲುಕುತ್ತಿದ್ದರು. ಬೆರಳೆಲ್ಲ ಹಳದಿ.

"ತಿದ್ದಕಿಲ್ಲ ಸಾ," ಎಂದಳು ಹುಡುಗಿ. "ಫೇಲ್ ಮಾಡದಾದ್ರೆ ಮಾಡಿ. ಇದು ಮೊಟ್ಟೆ ಅಲ್ಲ."

"ಮೊಟ್ಟೆನೇ! ಪ್ರಶ್ನೆಪತ್ರಿಕೇಲಿ ಮೊಟ್ಟೆ ಅಂತಿದೆ, ಇದು ಮೊಟ್ಟೆನೇ!"

"ಹಂಗಾರೆ ನೀವು ಕೈ ತೊಳ್ಕಂಡು ಮುತ್ತತ್ತಿಗೆ ಓಗಿ ಸಾ. ಇವತ್ತು ಶನಿವಾರ."

ಪರೀಕ್ಷಕರು ಬೆರಳು ನೋಡಿಕೊಂಡರು. ಮೂಸಿದರು. ಮುಖದ ಮೇಲೆ ನೆಮ್ಮದಿ ಬಂತು.

"ಅರಿಸಿನ! ಅರಿಸಿನವೇ ಕಣಮ್ಮ ಇದು, ಸದ್ಯ!"

ಹುಡುಗಿ ಕೂತು, ತನ್ನ ಉತ್ತರದ ಕೆಳಗೆ ಇನ್ನೊಂದು ಸಾಲು ಬರೆದಳು: "ಪರೀಕ್ಷಕರಿಗೂ ಅರಿಸಿನವೆಂದೇ ಕಂಡಿದೆ." ಆಮೇಲೆ ಎದ್ದು, ಅದರ ಕೆಳಗೆ ಸಹಿ ಹಾಕಿ ಎಂದು ಪೆನ್ನನ್ನು ಅವರ ಹಳದಿ ಕೈಗೇ ಕೊಟ್ಟಳು.