ಆರುವ ಅಕ್ಕಿಯ ಹಾಡು

ಕಡಿಮೆ ಮಾತಾಡುವವರಿಗೆ ಒಂದು ದೊಡ್ಡ ಅನುಕೂಲವಿದೆ. ಅವರ ತಪ್ಪುಗಳು ಹೊರಗೆ ಬೀಳುವುದು ಅಪರೂಪ. ಜನ ಅದನ್ನು ಗಾಂಭೀರ್ಯ ಎಂದುಕೊಳ್ಳುತ್ತಾರೆ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಕೊಳ್ಳೇಗಾಲಕ್ಕೆ ಮರಳಿ, ಕೆಲಸದ ಆದೇಶಕ್ಕೆ ಕಾಯುತ್ತ ಕೂತಿದ್ದ ವರ್ಷ ನಾನು ದಿನ ದೂಡಿದ್ದು ಈ ಅನುಕೂಲದ ಮೇಲೆಯೇ. ನನಗೆ ಬೇಕಾಗಿದ್ದುದು ಒಂದು ಕೋಣೆ, ಅದಕ್ಕೊಂದು ಚಿಲಕ. ಎರಡೂ ಇದ್ದವು. ಆದರೆ ಮನೆಗೆಲ್ಲ ಇದ್ದ ಒಂದೇ ಪ್ಲಗ್ ಪಾಯಿಂಟ್ ಕೂಡ ಆ ಕೋಣೆಯಲ್ಲೇ ಇತ್ತು.

ನನ್ನ ತಮ್ಮ ನಾಗರಾಜ ಮೂವರು ಗೆಳೆಯರನ್ನು ಕಟ್ಟಿಕೊಂಡು ರಾಕ್ ಬ್ಯಾಂಡ್ ಮಾಡಿದ್ದ. ರಾಕ್ ಎಂದರೇನು ಎಂದು ಅಮ್ಮ ಕೇಳಿದಾಗ "ಬಂಡೆ" ಅಂದ. "ಸರ್ಯಾಗೇ ಇಟ್ಟವ್ರೆ ಎಸ್ರ, ತಲೆ ಮೇಲೆ ಬಿದ್ದಂಗೇ ಅದೆ" ಎಂದು ಅಮ್ಮ ಒಳಗೆ ಹೋದಳು. ರೇಡಿಯೋದಲ್ಲಿ ಬಂದ ಇಂಗ್ಲಿಷ್ ಹಾಡುಗಳನ್ನು ಕೇಳಿಸಿದಷ್ಟು ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕೇಳಿಸದ ಕಡೆ 'ನನನ' ತುಂಬಿ ಹಾಡುತ್ತಿದ್ದರು. ಅದರ ಬಗ್ಗೆ ನನಗೆ ತಕರಾರಿರಲಿಲ್ಲ. ತಪ್ಪು ಹಿಡಿಯುವಷ್ಟು ಇಂಗ್ಲಿಷ್ ಹಾಡು ನಮ್ಮ ಬೀದಿಯಲ್ಲಿ ಯಾರಿಗೂ ಬರುತ್ತಿರಲಿಲ್ಲ, ನನಗೂ.

ತೊಂದರೆ ಹುಟ್ಟಿದ್ದು ಸ್ವಂತ ಹಾಡಿನಿಂದ. ಮೈಸೂರಿನ ಕಾಲೇಜೊಂದರ ಸಂಗೀತ ಸಂಜೆಗೆ ಸೇರಬೇಕಾದರೆ ಎರಡು ನಕಲು ಹಾಡು, ಒಂದು ಸ್ವಂತದ್ದು ಟೇಪ್ ಮಾಡಿ ಕಳಿಸಬೇಕಿತ್ತು. ಸೋದರಮಾವ ಯಾರಿಂದಲೋ ಎರವಲು ತಂದ ಟೇಪ್ ರೆಕಾರ್ಡರ್ ಸೋಮವಾರ ವಾಪಸ್ಸು ಹೋಗಬೇಕು. ಇದ್ದದ್ದು ಒಂದೇ ಸುರುಳಿ. ಮೆಷಿನ್ನಿನ ಜೊತೆ ಬಂದ ಪುಸ್ತಕವನ್ನು ಪೂರ್ತಿ ಓದಿದ ಅಪರಾಧಕ್ಕೆ ಗುಂಡಿ ಒತ್ತುವ ಕೆಲಸ ನನ್ನ ಪಾಲಿಗೆ ಬಂತು. ಪಕ್ಕದ ಮನೆಯ ರೇಷ್ಮೆ ಮಗ್ಗ ಊಟಕ್ಕೆ ನಿಲ್ಲುವ ಮುಕ್ಕಾಲು ಗಂಟೆಯೇ ನಮ್ಮ ಸಮಯ. ಮಗ್ಗ ಶುರುವಾದರೆ ಡ್ರಮ್ಮಿನ ಹುಡುಗ ತನಗೇ ತಿಳಿಯದೆ ಅದರ ತಾಳಕ್ಕೆ ಹೋಗಿಬಿಡುತ್ತಿದ್ದ. ನನ್ನ ಹಾಸಿಗೆ ಗೋಡೆಗೆ ಒರಗಿತ್ತು, ನನ್ನ ಪುಸ್ತಕಗಳ ಮೇಲೆ ಡ್ರಮ್ಮು ಕೂತಿತ್ತು, ನಾನು ಮೂಲೆಯಲ್ಲಿ ನಿಂತಿದ್ದೆ.

ಹಾಡುಗಾರ ಲೊಕ್ಕನಹಳ್ಳಿಯ ಮಾದೇವ. ಒಳ್ಳೆಯ ಕಂಠ. ನಾಗರಾಜ ಬರೆದ ಸಾಲು 'ಹಾರುವ ಹಕ್ಕಿಯೇ, ಹೇಳದೆ ಹೋದೆಯಾ' ಎಂದಿತ್ತು. ಮಾದೇವ ಕಣ್ಣು ಮುಚ್ಚಿ, ಎದೆ ಬಿರಿಯುವಂತೆ ಹಾಡಿದ: "ಆರುವ ಅಕ್ಕಿಯೇ, ಏಳದೆ ಓದೆಯಾ."

"ಲೇ, ಅಕ್ಕಿ ಅಲ್ಲ ಕಣ್ಲಾ, ಹಕ್ಕಿ" ಎಂದ ನಾಗರಾಜ.

"ನಾನೂ ಅದ್ನೇ ಅಲ್ವ್ಲಾ ಏಳಿದ್ದು. ಅಕ್ಕಿ."

ಒಳಗಿನಿಂದ ಅಮ್ಮ, "ಅಕ್ಕಿ ಆರಾಕಿದ್ರೆ ಅದ್ಕೂ ಒಂದು ಆಡಾ?" ಎಂದಳು.

ಹೀಗೆ ಎರಡು ದಿನ ಹೋಯಿತು. ಮೈಸೂರಿನವರು ನಕ್ಕುಬಿಡುತ್ತಾರೆ, ಮಾದೇವನನ್ನು ಬಿಟ್ಟು ತಾನೇ ಹಾಡುತ್ತೇನೆ ಎಂದ ನಾಗರಾಜ. ನಾಗರಾಜನ ಧ್ವನಿ ನನಗೆ ಗೊತ್ತಿತ್ತು. ಬಸ್ಸಿಗೆ ಹೊರಟ ಮಾದೇವ ಹೊಸಿಲಲ್ಲಿ ನಿಂತು, "ಅಕ್ಕ, ನೀವು ಏಳ್ಕೊಟ್ರೆ ಕಲ್ತ್ಕತೀನಿ. ಊರಲ್ಲೆಲ್ಲ ಏಳ್ಬುಟ್ಟಿವ್ನಿ, ಮೈಸೂರಲ್ಲಿ ಆಡ್ತೀನಿ ಅಂತ" ಎಂದ.

ಭಾನುವಾರ ಬೆಳಿಗ್ಗೆ ಪಾಠವಾಯಿತು. ಅಂಗೈಯನ್ನು ಬಾಯಿಯ ಮುಂದೆ ಹಿಡಿ, ಉಸಿರು ತಗುಲಿದರೆ ಅದು 'ಹ' ಎಂದೆ. ಒಂದು ಗಂಟೆಯಲ್ಲಿ ಹಕಾರ ಬಂತು, ಬಂದದ್ದು ನಿಲ್ಲಲೊಲ್ಲದು. ಎರಡನೆಯ ಚರಣದ 'ಆಕಾಶದ ಅಂಚು' ಹೋಗಿ 'ಹಾಕಾಶದ ಹಂಚು' ಆಯಿತು. ನನ್ನನ್ನು ಎರಡು ಸಲ "ಹಕ್ಕಾ" ಎಂದು ಕರೆದ. ಅದನ್ನು ಇಳಿಸಲು ಇನ್ನೊಂದು ಗಂಟೆ. ನನಗೆ ತಲೆನೋವು ಶುರುವಾಗಿತ್ತು. ಎಂ.ಎ.ಯಲ್ಲಿ ಹಳಗನ್ನಡದ ಪಕಾರ ಹಕಾರವಾದದ್ದನ್ನು ಓದಿದ್ದೆ. ಆಗಲೂ ಅದಕ್ಕೆ ಇಷ್ಟು ಕಷ್ಟವಾಗಿರಲಾರದು.

ಮಗ್ಗ ನಿಂತಿತು. ತಂತಿ, ಡ್ರಮ್ಮು ಹೊಂದಿಸಿಕೊಳ್ಳುವುದರಲ್ಲೇ ಅರ್ಧ ಗಂಟೆಗೂ ಹೆಚ್ಚು ಹೋಯಿತು. ಸುರುಳಿಯಲ್ಲಿ ಒಂದೇ ಹಾಡಿನಷ್ಟು ಜಾಗ ಉಳಿದಿತ್ತು. ನಾನು ಗುಂಡಿ ಒತ್ತಿ, ಮಾದೇವನಿಗೆ ಕೊನೆಯ ಎಚ್ಚರಿಕೆ ಕೊಟ್ಟೆ. ಅವನು ಅಂಗೈ ಹಿಡಿದೇ ಹಾಡಿದ. ಹಕ್ಕಿ ಹಾರಿತು, ಹೇಳದೆ ಹೋಯಿತು, ಆಕಾಶ ಆಕಾಶವಾಗಿಯೇ ಉಳಿಯಿತು. ಡ್ರಮ್ಮು ಕೂಡ ತಪ್ಪಲಿಲ್ಲ. ಮುಗಿಯುವ ಹೊತ್ತಿಗೆ ಮಗ್ಗ ಮತ್ತೆ ಶುರುವಾಯಿತು.

ಹಿಂದಕ್ಕೆ ಸುತ್ತಿ ಕೇಳಲು ಎಲ್ಲರೂ ನೆಲದ ಮೇಲೆ ಕೂತರು. ಮೊದಲು ಸುಯ್ ಎಂಬ ಸದ್ದು. ಆಮೇಲೆ ಹಾಡಿಗೆ ಅಂಟಿಕೊಂಡಂತೆ ಒಂದು ಹೆಣ್ಣು ಧ್ವನಿ, ಸಾಕಾಗಿ ಹೋದ ಧ್ವನಿ: "ಓಗ್ಲಿ ಮಾದೇವ, ಈ ಸಲ ಹಕಾರ ಸರ್ಯಾಗಿ ಏಳು."

ನಾಗರಾಜ ಗಿಟಾರಿನ ತಂತಿ ನೋಡುತ್ತಿದ್ದ. ಮಾದೇವ ಬಹಳ ವಿನಯದಿಂದ, "ಅಕ್ಕ, ಯಾರೋ ನಮ್ಮೂರೋರು ಮಾತಾಡ್ದಂಗದೆ" ಎಂದ.

ಮಗ್ಗ ಶುರುವಾಗಿತ್ತು, ಮತ್ತೆ ಹಾಡಿಸುವಂತಿರಲಿಲ್ಲ. ಅಳಿಸಹೋದರೆ ಹಾಡಿನ ಮೊದಲ ಅಕ್ಷರವೂ ಹೋಗುತ್ತಿತ್ತು; ಅದು ಮೂರು ದಿನ ದುಡಿದು ಸಂಪಾದಿಸಿದ 'ಹಾ'. ಟೇಪು ಹಾಗೆಯೇ ಮೈಸೂರಿಗೆ ಹೋಯಿತು.

ಹದಿನೈದು ದಿನಕ್ಕೆ ಕಾಗದ ಬಂತು. ಹಾಡು ಆಯ್ಕೆಯಾಗಿತ್ತು. ಹಾಡುಗಾರನ ಉಚ್ಚಾರಣೆ ಸ್ವಚ್ಛವಾಗಿದೆ, ಆರಂಭದಲ್ಲಿ ಬರುವ ಹಳ್ಳಿ ಮೇಡಮ್ಮಿನ ಹಾಸ್ಯಪಾತ್ರ ಬಹಳ ಸಹಜವಾಗಿದೆ, ಆಕೆಯನ್ನೂ ತಪ್ಪದೆ ಕರೆತನ್ನಿ ಎಂದು ಬರೆದಿದ್ದರು. "ಬರ್ಲೇಬೇಕು ಕಣಕ್ಕ, ನೀವಿಲ್ದೆ ನಾನು ಓಗಲ್ಲ" ಎಂದು ಮಾದೇವ ಪಟ್ಟು ಹಿಡಿದ. ನಾನು ಬರುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದೆ. ಹೇಳಿದೆನೋ, ಏಳಿದೆನೋ, ಪುಣ್ಯಕ್ಕೆ ಆಗ ಟೇಪು ಓಡುತ್ತಿರಲಿಲ್ಲ.